ಹಗ್ಗದಂಗಡಿಯ ಬಳಿ ಬಲಕ್ಕೆ

ಮಲ್ಲಿಗೆಯಲ್ಲ ಇದು, ಮಲ್ಲಿಗೆಯ ಮಿಮಿಕ್ರಿ, ಎ.ಸಿ.ಯ ಕಿಂಡಿಗೆ ಸಿಕ್ಕಿಸಿದ ಡಬ್ಬಿಯಿಂದ ಬರ್ತಾ ಉಂಟು, ಅಸಲಿ ಮಲ್ಲಿಗೆ ಇದನ್ನು ಮೂಸಿದರೆ ನಾಚಿ ಮತ್ತೆ ಮೊಗ್ಗಾದೀತು, ಬಾಡಿಗೆ ಕಾರಿಗೆ ಬಾಡಿಗೆ ಪರಿಮಳ, ಸ್ಟಿಯರಿಂಗ್ ಹಿಡಿದವನ ಬಾಯಲ್ಲಿ ಬಾಡಿಗೆ ಕನ್ನಡ — ಆರಾಮಾಗ್ ಕೂತ್ಕೊಳ್ಳಿ ಮೇಡಂ, ನಮ್ ಆ್ಯಪೇ ಕರ್ಕೊಂಡ್ ಹೋಗುತ್ತೆ — ಹೋಗುತ್ತೆಯಂತೆ, ಹುಟ್ಟಿದಾಗಿನಿಂದ ಹೋಗ್ತದೆ ಬರ್ತದೆ ಎಂದೇ ಬಾಳಿದ ಬದಿಯಡ್ಕದ ಯಶವಂತನಿಗೆ ಬೆಂಗಳೂರಿನ ಪ್ರತೀಕ್ಷಾ ಮೇಡಂ ಪಕ್ಕದ ಸೀಟಿನಲ್ಲಿ ಕುಳಿತದ್ದೇ ಹೋಗುತ್ತೆ ಬರುತ್ತೆ ಶುರು, ಮಿಮಿಕ್ರಿಯಲ್ಲಿ ಇವನು ಯಾವಾಗಲೂ ನನಗಿಂತ ಒಂದು ಗೇಣು ಕೆಳಗೆ, ಸ್ವರ ಹಿಡಿಯುತ್ತಾನೆ, ಉಸಿರು ಹಿಡಿಯುವುದಿಲ್ಲ, ಬೆಂಗಳೂರಿನವರು ಮಾತಿನ ಬಾಲ ತುಂಡರಿಸುತ್ತಾರೆ, ಇವನು ಕುತ್ತಿಗೆಯನ್ನೇ ತುಂಡರಿಸುತ್ತಾನೆ, ಕುತ್ತಿಗೆ ತುಂಡರಿಸುವುದು ಅಭ್ಯಾಸವಾಗಿದೆ ಅಲ್ಲವಾ, ನನ್ನದರಿಂದ ಶುರು ಮಾಡಿದ್ದು. ನಾನು ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಲ್ಯಾಪ್‌ಟಾಪು, ಹೆಸರು ಧನಶ್ರೀ, ಇವತ್ತಿನ ಮಟ್ಟಿಗೆ ಬರೀ ಧನು — ಇವ್ಳು ಧನು ಮೇಡಂ, ಡೇಟಾ ನೋಡ್ಕೋತಾಳೆ, ಗಂಟಲು ಕೆಟ್ಟಿದೆ ಪಾಪ, ಮಾತಾಡೋಕಾಗಲ್ಲ — ಗಂಟಲು ಗಟ್ಟಿಯಾಗಿಯೇ ಉಂಟು ಮಾರಾಯ, ಬೆಳಿಗ್ಗೆ ಹೋಟೆಲಿನ ಮೆಟ್ಟಿಲಲ್ಲಿ ನೀನೇ ಹೇಳಿದ್ದಲ್ಲವಾ, ಇವತ್ತು ನೀನು ಬಾಯಿ ಬಿಡ್ಬೇಡ ಮಾರಾಯ್ತಿ, ಎಲ್ಲ ನಾನು ನೋಡಿಕೊಳ್ತೇನೆ, ಆಯ್ತು ನೋಡಿಕೋ, ಧನು ಅಂದರೆ ಬಿಲ್ಲು, ಬಗ್ಗಿಸಿದರೆ ಬಗ್ಗುತ್ತದೆ ಎಂದುಕೊಂಡಿದ್ದೀ, ಬಗ್ಗಿದಷ್ಟೂ ದೂರ ಹೊಡೆಯುತ್ತದೆ ಎಂದು ಯಾರೂ ಹೇಳಲಿಲ್ಲ ಪಾಪ ನಿನಗೆ.

ಮಲಯಾಳಿಗಳ ರಾಜಧಾನಿ, ಅದರ ಚಾಲೈ ಪೇಟೆಯ ಬೀದಿ, ಎದುರಿಗೆ ಬಾಳೆಗೊನೆಯ ಗಾಡಿ, ಹಿಂದೆ ಸ್ಕೂಟರಿನ ಹಾರನ್ನು, ಎಡಬಲದಲ್ಲಿ ಬೆಲ್ಲ, ಕೊತ್ತಂಬರಿ, ಸ್ಟೀಲ್ ಪಾತ್ರೆ, ಬೆಲ್ಲಕ್ಕೆ ಮುತ್ತಿದ ಜೇನ್ನೊಣ, ಇಲ್ಲಿಂದಲೇ ಹೊರಡೋಣ ಎಂದು ಮೊನ್ನೆಯೇ ಹೇಳಿದವರು ಮೇಡಮ್ಮೇ, ಮನೆ ಮನೆಗೆ ಪಾರ್ಸೆಲ್ ಮುಟ್ಟಿಸುವ ದೊಡ್ಡ ಕಂಪೆನಿಯವರು, ನಿಮ್ ಆ್ಯಪು ಸುಲಭದ ರೋಡಲ್ಲಿ ಚೆನ್ನಾಗೇ ಇರುತ್ತೆ ಕಣ್ರೀ, ಡೋರ್ ನಂಬರೇ ಇಲ್ಲದ ಹಳೇ ಪೇಟೆ ತೋರ್ಸಿ, ಅಲ್ಲಿಂದ ನಿಮ್ ಆಫೀಸಿಗೆ ಮುಟ್ಸಿದ್ರೆ ಅವತ್ತೇ ಸೈನ್ ಹಾಕ್ತೀನಿ. ನಮ್ಮದು ಕೊಚ್ಚಿಯ ಕಂಪೆನಿ, ಮಾಲೀಕರ ಆಫೀಸು ಮಾತ್ರ ಈ ಊರಿನ ಪಟ್ಟಂನಲ್ಲಿ, ಅಲ್ಲಿ ಅವರು ಕರಾರು ಹಿಡಿದು ಕಾಯುತ್ತಿದ್ದಾರೆ, ಈ ಕಾರು ಪಟ್ಟಂ ತಲುಪಿದರೆ ಯಶವಂತನಿಗೆ ಪಟ್ಟ, ಇದನ್ನೆಲ್ಲ ಕಂಡುಹಿಡಿದವ ಎಂಬ ಬಿರುದು ಹೊತ್ತು ಬೆಂಗಳೂರಿಗೆ ಹೋಗಿ ಇಡೀ ತಂಡದ ಮೇಲೆ ಕೂರುತ್ತಾನೆ, ಕಂಡದ್ದು ನಾನು, ಹಿಡಿದದ್ದು ಅವನು, ಎರಡೂ ಸೇರಿ ಕಂಡುಹಿಡಿದ ಆಯಿತಂತೆ, ಯಶಸ್ಸು ಅವನದು ವಂತಿಗೆ ನನ್ನದು, ಅದಕ್ಕೇ ಯಶವಂತ. ತಲುಪಬಾರದು. ತಲುಪಿದರೂ ಬೆತ್ತಲಾಗಿ ತಲುಪಬೇಕು. ಡ್ಯಾಶ್‌ಬೋರ್ಡಿನ ಮೇಲೆ ಫೋನು ಮಕಾಡೆ ಮಲಗಿದೆ, ಪರದೆ ಕೆಳಗೆ, ಯಾಕೆಂದರೆ ಇದು ನೋಡಿ ಹೋಗುವ ನಕ್ಷೆಯಲ್ಲ, ಕೇಳಿ ಹೋಗುವ ನಕ್ಷೆ, ಊರವರು ದಾರಿ ಹೇಳಿದ ಹಾಗೆ ಹೇಳುತ್ತದೆ, ಇಂಥ ಮೀಟರ್ ಅಂಥ ಮೀಟರ್ ಎಂದು ಲೆಕ್ಕ ಹೇಳುವುದಿಲ್ಲ, ಬ್ಯಾಂಕಿನ ಹತ್ತಿರ ಎಡಕ್ಕೆ, ಅರಳಿಮರ ದಾಟಿ ಬಲಕ್ಕೆ, ನಾಳೆ ಕರ್ನಾಟಕಕ್ಕೆ ಬರುವುದು ಎಂದು ಇವತ್ತೇ ಕನ್ನಡದಲ್ಲಿ ಮಾತಾಡುತ್ತದೆ, ಧ್ವನಿ ಯಾರದ್ದು ಎಂದು ಮೇಡಂ ಕೇಳಿದಾಗ ಇವನು, ಕಂಪ್ಯೂಟರ್‌ದು ಮೇಡಂ, ನಾವೇ ತಯಾರಿಸಿದ್ದು, ಮನುಷ್ಯರಲ್ಲ.

ಮನುಷ್ಯರಲ್ಲ. ಹಿಂದಿನ ಸೀಟಿನಲ್ಲಿ ಮನುಷ್ಯರಲ್ಲದ ನಾನು ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದೇನೆ, ಮೇಡಂ ಪೊಟ್ಟಣ ಹಿಂದಕ್ಕೆ ಚಾಚಿದ್ದಾರೆ, ತಗೊಳ್ಳಿ ಧನು, ಗಂಟಲಿಗೆ ಆಗಲ್ವೇನೋ, ಒಂದೇ ಒಂದು, ತಲೆಯಾಡಿಸುತ್ತೇನೆ, ಒಳ್ಳೆಯ ಹೆಂಗಸು, ಕನ್ನಡಕದ ಮೇಲಿಂದ ನೋಡುವ ಕ್ರಮ ನಮ್ಮ ವಾಸಂತಿ ಟೀಚರ್‌ದೇ, ಅಷ್ಟರಲ್ಲಿ ಫೋನಿನೊಳಗಿಂದ ಅದೇ ವಾಸಂತಿ ಟೀಚರ್, ಅಂದರೆ ಅವರ ಸ್ವರ ಹಿಡಿದ ನಾನು, ಅವರು ಮೂರನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಸಿದ ಆ ಸ್ವರದಲ್ಲಿ, ಪ್ರತಿ ಶಬ್ದವನ್ನೂ ತೊಳೆದು ಬಟ್ಟೆ ಒಣಗಿಸುವ ಸರಿಗೆಗೆ ಹಾಕಿದ ಹಾಗೆ — ಮುಂದೆ, ಹಗ್ಗದಂಗಡಿಯ ಬಳಿ, ಬಲಕ್ಕೆ ತಿರುಗಿ. ಬಂತು. ನಿನ್ನೆ ಮಧ್ಯಾಹ್ನ ಹೋಟೆಲ್ ರೂಮಿನ ಕಪಾಟಿನೊಳಗೆ ಚೂಡಿದಾರಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹೊಸದಾಗಿ ರೆಕಾರ್ಡ್ ಮಾಡಿ ಯಾರಿಗೂ ತಿಳಿಯದ ಹಾಗೆ ಆ್ಯಪಿಗೆ ತುಂಬಿದ್ದು, ಪ್ರತಿಧ್ವನಿ ಬರಬಾರದಲ್ಲ, ಬೆವರು ಹರಿದು ಕಣ್ಣಿಗೆ ಇಳಿದದ್ದು, ಬಾಗಿಲು ಬಡಿದ ರೂಮ್‌ಬಾಯ್‌ಗೆ ಕಪಾಟಿನೊಳಗಿಂದಲೇ ವಾಸಂತಿ ಟೀಚರ್ ಸ್ವರದಲ್ಲಿ ಆಮೇಲೆ ಬಾ ಎಂದದ್ದು, ಕನ್ನಡ ತಿಳಿಯದ ಅವನು ಓಡಿಯೇ ಹೋದದ್ದು. ಈಗ ನೋಡು ಮೋಜು. ಹಗ್ಗದಂಗಡಿ ಇಲ್ಲ. ನಾವು ಕಾಲೇಜಿನಲ್ಲಿದ್ದಾಗ ಇತ್ತು, ತೆಂಗಿನ ನಾರಿನ ಹಗ್ಗ ಸುರುಳಿ ಸುರುಳಿಯಾಗಿ ಹೆಬ್ಬಾವಿನಂತೆ ಬಾಗಿಲಲ್ಲಿ ಮಲಗುತ್ತಿತ್ತು, ಸ್ಟೇಜಿನ ಪರದೆ ಎಳೆಯಲಿಕ್ಕೆ ನಾವಿಬ್ಬರೂ ಅಲ್ಲಿಂದಲೇ ಹಗ್ಗ ತಂದದ್ದು, ಈಗ ಅಲ್ಲಿ ಮೊಬೈಲ್ ಕವರಿನ ಅಂಗಡಿ, ಬಣ್ಣ ಬಣ್ಣದ ರಬ್ಬರು. ಮೇಡಂಗೆ ಈ ಮಹಾಶಯ ಹೇಳಿದ್ದು ಏನು — ನಂಗೂ ಈ ಊರು ಹೊಸದು ಮೇಡಂ, ಕೊಚ್ಚಿ ಬಿಟ್ರೆ ಏನೂ ಗೊತ್ತಿಲ್ಲ, ಅದಕ್ಕೇ ನಾನೇ ಡ್ರೈವ್ ಮಾಡ್ತೀನಿ, ಆ್ಯಪನ್ನ ನಂಬ್ಕೊಂಡು. ಹೊಸ ಊರಂತೆ! ಕಾರ್ಯವಟ್ಟದ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಬಿದ್ದುಕೊಂಡು ಈ ಊರಿನ ಪೊರೊಟ್ಟಾ ತಿಂದು ಬೆಳೆಸಿದ ಹೊಟ್ಟೆಯೇ ಸ್ಟಿಯರಿಂಗಿಗೆ ತಾಗುತ್ತಾ ಉಂಟು. ಆಯ್ತು, ಹೊಸಬನಾಗಿಯೇ ಇರು, ಹೊಸಬನಿಗೆ ಹಗ್ಗದಂಗಡಿ ಕಾಣಲಿಕ್ಕಿಲ್ಲ, ತಿರುಗಲಿಲ್ಲವಾ, ಆ್ಯಪು ಫೇಲು, ತಿರುಗಿದೆಯಾ, ನೀನು ಸುಳ್ಳ, ನಿನ್ನದೇ ಎರಡು ಸುಳ್ಳನ್ನು ಹೊಸೆದು ಮಾಡಿದ ಹಗ್ಗ ಇದು, ಯಾವ ತುದಿ ಹಿಡಿದರೂ ಕುಣಿಕೆ.

ಕಾರು ನಿಧಾನವಾಯಿತು. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಬಂತು, ಬಂದು ಕೂತಿತು, ಗೊತ್ತಾಯಿತು ಅವನಿಗೆ, ಎಂತದು ಮಾರಾಯ್ತಿ ಇದು ಎಂದಿತು ಕಣ್ಣು, ನಾನು ಚಿಪ್ಸ್ ಕರುಂ ಎಂದು ಕಡಿದೆ, ಬೈಯಲಿಕ್ಕೆ ಬರುವುದಿಲ್ಲ ನಿನಗೆ ಈಗ, ಧ್ವನಿ ಮನುಷ್ಯರದ್ದಲ್ಲ ಎಂದ ಮೇಲೆ ಯಾರಿಗೆ ಬೈಯುತ್ತೀ, ಕಂಪ್ಯೂಟರಿಗಾ. ಮೊಬೈಲ್ ಕವರಿನ ಅಂಗಡಿ ಹತ್ತಿರ ಬಂತು, ಅವನ ಕೈ ಒಂದು ಕ್ಷಣ ಗಾಳಿಯಲ್ಲಿ, ಮತ್ತೆ ಬಲಕ್ಕೆ ತಿರುಗಿಯೇ ಬಿಟ್ಟ. ಹಗ್ಗದಂಗಡಿ ಎಲ್ರೀ ಇತ್ತು, ನಂಗೆ ಕಾಣ್ಲೇ ಇಲ್ವಲ್ಲ — ಅಲ್ಲೇ ಮೇಡಂ, ಆ ಗಾಡಿ ಅಡ್ಡ ಬಂತಲ್ಲ, ಅದರ ಹಿಂದೆ — ಹೌದಾ, ಎಂದರು ಮೇಡಂ, ಆ ಹೌದಾದಲ್ಲಿ ಬಾಲ ಇತ್ತು, ಬೆಂಗಳೂರಿನವರು ತುಂಡರಿಸದ ಒಂದೇ ಬಾಲ, ಅದು ಸಂಶಯದ್ದು.

ಓವರ್‌ಬ್ರಿಡ್ಜ್ ದಾಟಿ ಮೇಲಕ್ಕೆ, ಬಸ್ಸುಗಳ ಹಿಂದೆ ಬಸ್ಸು, ಕಂಡಕ್ಟರ್ ಬಾಗಿಲಲ್ಲಿ ನೇತುಬಿದ್ದು ಸ್ಟ್ಯಾಚ್ಯೂ ಸ್ಟ್ಯಾಚ್ಯೂ ಪಾಳಯಂ ಎಂದು ಕೂಗುತ್ತಾನೆ, ಮೊದಲ ಸಲ ಕೇಳಿದಾಗ ಬಿದ್ದು ಬಿದ್ದು ನಕ್ಕಿದ್ದೆ, ನಾವು ಸಣ್ಣವರಿರುವಾಗ ಸ್ಟ್ಯಾಚ್ಯೂ ಎಂದರೆ ಇದ್ದಲ್ಲೇ ಕಲ್ಲಾಗಬೇಕು, ಇಲ್ಲಿ ಸ್ಟ್ಯಾಚ್ಯೂ ಎಂದರೆ ಇಳಿಯಬೇಕು. ಆ ನಗುವಿನಿಂದಲೇ ಶುರುವಾದದ್ದು ಎಲ್ಲ, ಈ ಊರಿನ ಪ್ರತಿ ಮೂಲೆಗೂ ಒಂದು ಹೆಸರು, ಮುನಿಸಿಪಾಲಿಟಿ ಇಟ್ಟದ್ದಲ್ಲ, ಅಲ್ಲಿ ಏನು ನಿಂತಿತ್ತೋ ಅದೇ ಹೆಸರು, ಡಾಕ್ಟರ್ ನಿಂತಿದ್ದರೆ ಡಾಕ್ಟರ್ ಜಂಕ್ಷನ್, ನೀರಿನ ಟ್ಯಾಂಕಿದ್ದರೆ ಟ್ಯಾಂಕ್ ಜಂಕ್ಷನ್, ಡಾಕ್ಟರ್ ಸತ್ತು ಮಗ ಮನೆ ಮಾರಿ ಅಲ್ಲೊಂದು ಫ್ಲ್ಯಾಟ್ ಎದ್ದು ಹದಿನಾರು ಸಂಸಾರ ಬಂದರೂ ಅದು ಡಾಕ್ಟರ್ ಜಂಕ್ಷನ್ನೇ, ನಿಂತದ್ದು ಬಿದ್ದರೂ ಹೆಸರು ಬೀಳುವುದಿಲ್ಲ, ಅಳಿದವರ ಹೆಸರಲ್ಲಿ ಉಳಿದವರು ಇಳಿಯುತ್ತಾರೆ. ಕೊಚ್ಚಿಯ ಕ್ರಮ ಬೇರೆ, ಆಲುವದಿಂದ ಹೊರಟ ಮೆಟ್ರೋ ಕಂಬಗಳಿಗೆ ನಂಬರಿದೆ, ಚೇಚೀ ಆ ಪಿಲ್ಲರಿನ ಎದುರು ಮೀನಿನ ಅಂಗಡಿ, ಈ ಪಿಲ್ಲರಿನ ಹಿಂದೆ ನಮ್ಮ ಮನೆ, ಮದುವೆ ಕಾಗದದಲ್ಲೂ ಪಿಲ್ಲರ್ ನಂಬರು, ಅಲ್ಲಿ ಜಂಕ್ಷನ್ನಿಗೆ ಕವಲ ಎನ್ನುತ್ತಾರೆ, ಕವಲು ಎಂದು ನಮಗೂ ತಿಳಿಯುತ್ತದೆ, ಇಲ್ಲಿ ಮುಕ್ಕು ಎನ್ನುತ್ತಾರೆ, ನಾನು ಒಂದೊಂದೇ ಮುಕ್ಕನ್ನು ನಡೆದು, ಆಟೋದವರ ಹತ್ತಿರ, ಹಾಲಿನವರ ಹತ್ತಿರ, ಚೇಟ್ಟಾ ಇದಕ್ಕೆ ಮುಂಚೆ ಇಲ್ಲಿ ಎಂತ ಇತ್ತು, ಅವರು ಹೇಳಿದ ಸ್ವರದಲ್ಲೇ ಹಾಸ್ಟೆಲಿನಲ್ಲಿ ಅಭಿನಯಿಸಿ ತೋರಿಸಿ, ಮನುಷ್ಯರು ದಾರಿ ಹೇಳುವಾಗ ಕೈ ಎತ್ತುವ ಮೊದಲೇ ಗಲ್ಲ ಎತ್ತುತ್ತಾರೆ ನೋಡಿದ್ದೀಯಾ ಯಶು, ಎಂದು ಇವನಿಗೇ ಹೇಳಿ, ಇವನು ಹೊಟ್ಟೆ ಹಿಡಿದು ನಕ್ಕು, ನಕ್ಷೆ ಹೀಗೆ ಮಾತಾಡಬೇಕು ಮಾರಾಯ ಎಂದದ್ದು ನಾನು, ಆ ಕೊಚ್ಚಿಯ ಕಂಪೆನಿಗೆ ಮೊದಲು ಸೇರಿದ್ದು ನಾನು, ಇವನಿಗೂ ಅಲ್ಲಿ ಕೆಲಸ ಕೊಡಿಸಿದ್ದು ನಾನು, ನನ್ನ ಮುಕ್ಕುಗಳನ್ನೆಲ್ಲ ಒಂದೂ ಬಿಡದೆ ಮುಕ್ಕಿದ್ದು ಇವನು.

ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಕಳೆದ ಕೂಡಲೇ, ಎಡಕ್ಕೆ ತಿರುಗಿ. ವಾಸಂತಿ ಟೀಚರ್ ಎರಡನೇ ಸಲ. ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಾ, ಮೇಡಂ ನಕ್ಕರು, ಈ ಕಾಲದಲ್ಲಿ ಯಾರ್ರೀ ಕಲೀತಾರೆ ಟೈಪಿಂಗು, ಕಿಟಕಿಯಿಂದ ಕತ್ತು ಹೊರಳಿಸಿ ಬೋರ್ಡು ಬೋರ್ಡನ್ನೂ ಓದುತ್ತಿದ್ದಾರೆ, ಕಣ್ಣಿನ ಆಸ್ಪತ್ರೆ, ಚಿನ್ನದ ಅಂಗಡಿ, ಪರದೇಶಕ್ಕೆ ಕಳಿಸುವ ಏಜೆನ್ಸಿ, ಓದಿ ಮೇಡಂ, ಓದಿ, ಸಿಗುವುದಿಲ್ಲ, ಅದು ಮುಚ್ಚಿ ಎಷ್ಟೋ ಕಾಲವಾಯಿತು, ಮಹಡಿಯ ಮೇಲೆ ಮಳೆ ಬಿದ್ದ ಹಾಗೆ ಟಕಟಕ ಟಕಟಕ ಕೇಳುತ್ತಿತ್ತು, ಇವನು ಅದರ ಕೆಳಗೆ ನಿಂತು ನಾಲಗೆಯಲ್ಲೇ ಆ ಶಬ್ದ ಕಲಿತದ್ದು, ಸಾಲಿನ ಕೊನೆಯ ಗಂಟೆ ಮಾತ್ರ ಅವನಿಗೆ ಬರುತ್ತಿರಲಿಲ್ಲ, ಆ ಟಿಣ್ ನಾನು ಹೇಳಬೇಕಿತ್ತು, ಸ್ಟೇಜಿನ ಮೇಲೆ ಇವನು ಟಕಟಕ ನಾನು ಟಿಣ್, ಜನ ಶಿಳ್ಳೆ ಹಾಕಿದ್ದು. ಮರೆತಿರುತ್ತಾನೆ. ಇವನು ಎಲ್ಲ ಮರೆತಿದ್ದಾನೆ ಎಂದೇ ನಾನು ಇಷ್ಟು ಕಾಲ ನಂಬಿದ್ದು, ಮರೆವಿನ ಪ್ರಾಣಿ, ಹಗ್ಗದಂಗಡಿಯಲ್ಲಿ ಹೇಗೋ ಕುರುಡುಕೋಳಿಗೆ ಕಾಳು ಸಿಕ್ಕಿದ ಹಾಗೆ ತಿರುಗಿರಬೇಕು, ಈಗ ನೇರ ಹೋಗುತ್ತಾನೆ, ಮೇಡಂ ಮುಖ ಗಂಟಾಗುತ್ತದೆ, ಏನ್ರೀ ಯಶವಂತ್ ನಿಮ್ ಆ್ಯಪು ಇಲ್ಲದ್ದನ್ನ ಹೇಳುತ್ತೆ ಎನ್ನುತ್ತಾರೆ, ಕರಾರು ಪರಪರ. ತಿರುಗಿದ. ತಡವರಿಸಲೂ ಇಲ್ಲ, ಚಿನ್ನದ ಅಂಗಡಿ ದಾಟಿದ ಕೂಡಲೇ ಎಡಕ್ಕೆ. ಬೋರ್ಡ್ ಎಲ್ಲಿತ್ತು ಯಶವಂತ್? ಮೇಲ್ಗಡೆ ಇತ್ತು ಮೇಡಂ, ಸಣ್ಣದು. ನಾನು ಮೇಲ್ಗಡೆನೂ ನೋಡ್ದೆ. ಮರ ಅಡ್ಡ ಇತ್ತೇನೋ ಮೇಡಂ. ಮರ ಎಲ್ಲಿತ್ತು?

ನಗಬೇಕು ನಾನು ಈಗ, ಒಳಗೊಳಗೇ ಚಪ್ಪಾಳೆ ಹೊಡೆದು ನಗಬೇಕು, ಇವನ ಕಿವಿಯ ಹಿಂದೆ ಬೆವರು ಇಳಿಯುತ್ತಾ ಉಂಟು, ಎ.ಸಿ.ಯಲ್ಲಿ ಬೆವರುವ ಗಂಡಸನ್ನು ನೋಡಲಿಕ್ಕೆಂದೇ ಅಲ್ಲವಾ ಕಪಾಟಿನಲ್ಲಿ ನಾನು ಬೆವರಿದ್ದು, ಸಂಬಳವೂ ಬೇಕಿತ್ತು ಸೇಡೂ ಬೇಕಿತ್ತು, ಸಂಬಳ ತಿಂಗಳು ತಿಂಗಳು ಬಂತು, ಸೇಡು ಇವತ್ತು ಬಂತು, ಆದರೆ ನಗು ಬರುತ್ತಾ ಇಲ್ಲ, ಹಲ್ಲಿನಲ್ಲಿ ಸಿಕ್ಕಿದ ಚಿಪ್ಸಿನ ಚೂರಿನ ಹಾಗೆ ಏನೋ ಒಂದು, ತಡವರಿಸಲೂ ಇಲ್ಲವಲ್ಲ ಇವನು. ಪಾಳಯಂನ ದೀಪದಲ್ಲಿ ಕಾರು ನಿಂತಿದೆ, ಕೆಂಪು, ಕಿತ್ತಳೆ ಮಾರುವ ಅಮ್ಮಚ್ಚಿ ಗಾಜಿಗೆ ಬಡಿಯುತ್ತಾಳೆ, ಮೋಳೇ ಒರು ಕಿಲೋ ಎಡುಕ್ಕಟ್ಟೇ, ಒಂದು ಕಿಲೋ ಕೊಡಲಾ ಮಗಳೇ ಎಂದು, ಇವನು ಇದನ್ನೆಲ್ಲ ತನ್ನದು ಮಾಡಿಕೊಂಡ ಆ ದಿನವೂ ಬಿಸಿಲು ಹೀಗೇ ಇತ್ತು, ಪಟ್ಟಂನ ಆಫೀಸಿನ ಕೆಳಗೆ, ಗಲ್ಲಿ ದೊಡ್ಡ ರಸ್ತೆಗೆ ಸೇರುವ ಆ ಮೂಲೆಯಲ್ಲಿ. ಉಪಾಯ ನನ್ನದೇ ಇತ್ತು, ಯಶು ನೀನು ಮೇಲೆ ಹೋಗು, ಮಾಲೀಕರ ಎದುರು ಫೋನು ಮೇಜಿನ ಮೇಲಿಡು, ನನಗೆ ಕಾಲ್ ಮಾಡು, ನಾನು ಕೆಳಗೆ ಮೂಲೆಯಲ್ಲಿ ನಿಂತು ವಾಸಂತಿ ಟೀಚರ್ ಸ್ವರದಲ್ಲಿ ದಾರಿ ಹೇಳ್ತೇನೆ, ಮೆಟ್ಟಿಲಿಳಿಯಿರಿ, ಚಪ್ಪಲಿ ರಿಪೇರಿಯವರ ಬಳಿ ಬಲಕ್ಕೆ ತಿರುಗಿ, ಹೀಗೆ ಅವರನ್ನು ನಾನಿದ್ದಲ್ಲಿಗೇ ಕರೆಸಿಕೊಳ್ತೇನೆ, ಬಂದ ಮೇಲೆ ನಾನು ಬಾಗಿ ನಮಸ್ಕಾರ ಮಾಡ್ತೇನೆ, ನಾಟಕದ ಕೊನೆಯಲ್ಲಿ ಮಾಡಿದ ಹಾಗೆ, ಇದೇ ನಮ್ಮ ನಕ್ಷೆ ಸಾರ್. ಭಾರೀ ಒಳ್ಳೆದುಂಟು ಧನಶ್ರೀ, ನೀನು ಇಲ್ಲೇ ನಿಂತಿರು, ಅಲ್ಲಾಡ್ಬೇಡ, ಈಗ ಕರೀತೇನೆ. ನಿಂತೆ. ಹಸಿರು ಸೀರೆ ಉಟ್ಟಿದ್ದೆ, ಅಮ್ಮನದು, ದೂರದಿಂದ ಕಾಣಲಿ ಎಂದು. ನೆರಳು ನನ್ನ ಈ ಬದಿಯಿಂದ ಆ ಬದಿಗೆ ಹೋಯಿತು, ಚಪ್ಪಲಿ ರಿಪೇರಿಯವರು ಊಟಕ್ಕೆ ಹೋಗಿ ಬಂದರು, ಆರೆಯಾ ಕಾತ್ತುನಿಲ್ಕುನ್ನೇ, ಯಾರನ್ನು ಕಾಯುವುದು ಎಂದು ಎರಡು ಸಲ ಕೇಳಿದರು, ಫೋನನ್ನು ಅಂಗೈಯಲ್ಲಿ ಎಷ್ಟು ಗಟ್ಟಿ ಹಿಡಿದಿದ್ದೆನೆಂದರೆ ಅದೇ ನನ್ನ ನಾಡಿಯ ಹಾಗೆ ಬಿಸಿ, ಕರೆ ಬರಲಿಲ್ಲ. ಮೇಲೆ ಇವನು ನಾನು ಅಭ್ಯಾಸಕ್ಕೆಂದು ಕಳಿಸಿದ ರೆಕಾರ್ಡಿಂಗನ್ನು ಹಾಕಿ ತೋರಿಸಿ, ಕಂಪ್ಯೂಟರ್ ಧ್ವನಿ ಸಾರ್, ನನ್ನದೇ ಐಡಿಯಾ ಸಾರ್, ಹಿಂದಿನ ಗೇಟಿನಿಂದ ಅವರ ಕಾರಿನಲ್ಲೇ ಊಟಕ್ಕೆ ಹೋಗಿದ್ದ. ಮರುದಿನ, ಅಯ್ಯೋ ಸಮಯವೇ ಸಿಗಲಿಲ್ಲ ಮಾರಾಯ್ತಿ, ಗಡಿಬಿಡಿಯಲ್ಲಿ ಮರೆತೇ ಹೋಯ್ತು ನೋಡು, ಟೀಮ್ ವರ್ಕ್ ಅಲ್ವಾ, ನಿನ್ನ ಸ್ವರ ಅದರಲ್ಲಿ ಉಂಟಲ್ಲ.

ಮರೆತೇ ಹೋಯ್ತು. ಆ ಎರಡು ಶಬ್ದಕ್ಕೆ ನಾನು ಒಳಗೆ ಎಲ್ಲೋ ಒಂದು ಸಂದಿಯಲ್ಲಿ ಜಾಗ ಕೊಟ್ಟಿದ್ದೆ, ಅದು ಈಗ ಗೊತ್ತಾಗುತ್ತಾ ಉಂಟು, ಕಳ್ಳ ಎಂದು ದಿನಾ ಬೈದರೂ ಸಂದಿಯೊಳಗೆ ಒಂದು ಸಣ್ಣ ಸ್ವರ, ಪಾಪ ಮರೆತಿದ್ದಾನೆ, ಕೆಲವರ ತಲೆ ಹಾಗೆ, ಹಳತು ನಿಲ್ಲುವುದಿಲ್ಲ, ಒಂದು ದಿನ ನೆನಪಾಗಿ ಅಯ್ಯೋ ಎಂದಾನು. ಹಸಿರು ದೀಪ, ಹೊರಟಿತು ಕಾರು, ಇಳಿಜಾರು, ಮುಂದಿನದು ಸೋಡಾ ಗಾಡಿ, ನನ್ನ ಅತ್ಯಂತ ಕೆಟ್ಟ ಕುತಂತ್ರ ಅದು, ಅಂಗಡಿಯಾದರೆ ಕಟ್ಟಡವಾದರೂ ಉಳಿಯುತ್ತದೆ, ಗಾಡಿ ಎಂದರೆ ಗಾಳಿ, ಉಪ್ಪು ಹಾಕಿದ ನಿಂಬೆ ಸೋಡಾ, ಒಂದೇ ಗ್ಲಾಸು ಇಬ್ಬರಿಗೆ, ಕುಡಿಯುತ್ತಾ ಗಾಡಿಯವನ ಸ್ವರ ಕದಿಯುವುದು, ಆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಬರೀ ಗೋಡೆ, ಅದಕ್ಕೆ ಟ್ಯೂಷನ್ನಿನ ಪೋಸ್ಟರು. ನಾನು ಕಾಯುತ್ತಿದ್ದೇನೆ, ವಾಸಂತಿ ಟೀಚರ್ ಬಾಯಿ ತೆರೆಯಲಿ, ಸೋಡಾ ಗಾಡಿಯ ಎದುರು ಎಂದು ಹೇಳಲಿ — ಟಿಕ್ ಟಿಕ್ ಟಿಕ್ ಟಿಕ್. ಏನದು. ಇಂಡಿಕೇಟರು. ಮೀಟರಿನ ಮೇಲೆ ಹಸಿರು ಗುರುತು ಹತ್ತಿ ಆರಿ ಹತ್ತಿ ಆರಿ, ಬಲಕ್ಕೆ. ಫೋನು ಇನ್ನೂ ಮಾತಾಡಿಲ್ಲ. ಟಿಕ್ ಟಿಕ್ ಟಿಕ್. ಆಮೇಲೆ, ಸೋಡಾ ಗಾಡಿಯ ಎದುರು, ಬಲಕ್ಕೆ ತಿರುಗಿ.

ಅವನ ಕೈಗೆ ಗೊತ್ತಿತ್ತು. ತಲೆ ಸುಳ್ಳು ಹೇಳಬಹುದು, ಬಾಯಿ ಬೆಂಗಳೂರಿಗೆ ಹೋಗಿ ಬರಬಹುದು, ಕೈಗೆ ಮಿಮಿಕ್ರಿ ಬರುವುದಿಲ್ಲ, ಬಾಯಾರಿದಾಗಲೆಲ್ಲ ಈ ಮೂಲೆಯಲ್ಲಿ ಬಲಕ್ಕೆ ತಿರುಗಿದ ಸ್ಕೂಟರಿನ ಕೈ ಅದು, ನಾನು ಹಿಂದೆ ಕೂತು ಅವನ ಬೆನ್ನಿಗೆ ತಾಳ ಹಾಕುತ್ತಿದ್ದ ಸ್ಕೂಟರು. ನೀನು ಏನೂ ಮರೆತಿಲ್ಲ. ಹಗ್ಗ ಮರೆತಿಲ್ಲ, ಟಿಣ್ ಮರೆತಿಲ್ಲ, ಗ್ಲಾಸು ಮರೆತಿಲ್ಲ, ಹಾಗಾದರೆ ಮೇಜಿನ ಮೇಲೆ ಫೋನಿಟ್ಟು ನನ್ನ ಸ್ವರವನ್ನು ಹಾಕಿ ತೋರಿಸುವಾಗ ಕೆಳಗೆ ಹಸಿರು ಸೀರೆ ನಿಂತಿದೆ ಎಂದು ಗೊತ್ತಿತ್ತು, ಆ ಕೋಣೆಗೆ ಕಿಟಕಿ ಉಂಟು, ನಾನೇ ನೋಡಿದ್ದೇನೆ ಆಮೇಲೆ, ಕಿಟಕಿಯಿಂದ ಆ ಮೂಲೆ ಅಂಗೈಯಷ್ಟು ಚೆಂದ ಕಾಣುತ್ತದೆ, ನೋಡಿದ್ದೀ ನೀನು, ನೋಡಿ, ನಿಂತಿರಲಿ ಎಂದು, ಹಿಂದಿನ ಗೇಟಿಗೆ. ಸಂದಿ ಮುಚ್ಚಿತು. ಎಷ್ಟು ಸದ್ದಿಲ್ಲದೆ ಮುಚ್ಚಿತು. ಇಷ್ಟು ಹೊತ್ತು ನಾನು ಆಡುತ್ತಿದ್ದದ್ದು ಕೀಟಲೆ, ಕಾಲೇಜಿನ ಕುಚೇಷ್ಟೆ, ಸೇಡು ಈಗ ಹುಟ್ಟಿತು, ಇದಕ್ಕೆ ನಗುವೇ ಬೇಡ. ನಿಮಗೆ ಆ್ಯಪಿಗಿಂತ ಮುಂಚೇನೇ ಗೊತ್ತಾಗುತ್ತಲ್ರೀ — ಮೇಡಂ ಚಿಪ್ಸಿನ ಪೊಟ್ಟಣ ಮಡಚಿ ಬ್ಯಾಗಿಗೆ ಹಾಕಿದರು, ಸ್ವರದಲ್ಲಿ ಎಣ್ಣೆ ಇಲ್ಲ ಈಗ — ಹೇಳೋಕ್ಮುಂಚೆ ಇಂಡಿಕೇಟರ್ ಹಾಕಿದ್ರಿ. ಅದು, ಅಂದಾಜು ಮೇಡಂ, ಡ್ರೈವಿಂಗ್ ಸೆನ್ಸು. ಹೊಸ ಊರಲ್ಲಿ? ಹೂಂ ಮೇಡಂ. ಸೋಡಾ ಗಾಡಿ ಕಂಡ್ತಾ ನಿಮಗೆ? ಹೋಯ್ತಲ್ಲ ಮೇಡಂ ಈಗ. ನಂಗೆ ಗೋಡೆ ಕಂಡಿದ್ದು ಯಶವಂತ್. ಮೇಡಂ ಒಮ್ಮೆ ಹಿಂದಕ್ಕೆ ತಿರುಗಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ನಾನು ಲ್ಯಾಪ್‌ಟಾಪಿನ ಮುಚ್ಚಳ ನೋಡಿದೆ.

ಪ್ಲಾಮೂಡು ಕಳೆಯಿತು, ಏರು, ಮರಗಳ ನೆರಳು ಗಾಜಿನ ಮೇಲೆ ಜಾರಿ ಜಾರಿ, ಸ್ಕೂಲಿನ ಬಸ್ಸಿನ ಹಿಂದೆ ಸಿಕ್ಕಿಕೊಂಡಿದ್ದೇವೆ, ಇನ್ನು ಒಂದೇ ತಿರುವು, ಕೊನೆಯದ್ದು, ಅದನ್ನು ರೆಕಾರ್ಡ್ ಮಾಡುವಾಗ ಕಪಾಟಿನಲ್ಲಿ ನನ್ನ ಸ್ವರ ಒಮ್ಮೆ ಒಡೆದು ಮತ್ತೆ ಮಾಡಬೇಕಾಯಿತು, ವಾಸಂತಿ ಟೀಚರ್ ಅಳುವುದಿಲ್ಲ, ಅಳುವ ಮಕ್ಕಳ ಬೆನ್ನಿಗೆ ಸ್ಕೇಲಿನಲ್ಲಿ ತಟ್ಟುತ್ತಾರೆ ಅಷ್ಟೆ. ಕನ್ನಡಿಯಲ್ಲಿ ಅವನ ಕಣ್ಣು ಬಂದು ಹೋಗಿ ಬಂದು ಹೋಗಿ, ಬೇಡ ಮಾರಾಯ್ತಿ ಎನ್ನುತ್ತದೆ, ಊರಿನ ಕಣ್ಣು, ಬದಿಯಡ್ಕದ ಕಣ್ಣು, ನಾಟಕಕ್ಕೆ ಮೊದಲು ಪರದೆಯ ಹಿಂದೆ ಹೆದರಿ ನನ್ನ ಕೈ ಹಿಡಿಯುತ್ತಿದ್ದ ಕಣ್ಣು, ಕಣ್ಣಿಗೆಲ್ಲಿಯ ಕೈ, ಇರಲಿ, ಹೊರಗೆ ಇಳಿದ ಮೇಲೆ ಕೊಡುತ್ತೇನೆ ಎನ್ನುತ್ತದೆ, ಏನು ಬೇಕೋ ಕೊಡುತ್ತೇನೆ, ಕೊಡುವುದೆಂತದು, ನನ್ನದನ್ನೇ ನನಗಾ. ಫೋನನ್ನು ಬಂದ್ ಮಾಡಲಿಕ್ಕೆ ಕೈ ಚಾಚಿದ, ಬಿಡಿ ಯಶವಂತ್, ಇರ್ಲಿ, ನಂಗೆ ಕೇಳ್ಬೇಕು ಎಂದರು ಮೇಡಂ. ಕೈ ವಾಪಸ್. ಕೈ ಸ್ಟಿಯರಿಂಗಿಗೆ, ಅಲ್ಲಿಂದ ಪಕ್ಕದ ಕಡ್ಡಿಗೆ, ಅವನಿಗೂ ತಿಳಿಯದ ಹಾಗೆ, ಅವನಿಗಿಂತ ಮೊದಲೇ — ಟಿಕ್ ಟಿಕ್ ಟಿಕ್ ಟಿಕ್. ಎಡಕ್ಕೆ. ಹಸಿರು ಹತ್ತಿ ಆರಿ. ಮುಂದೆ ಆ ಮೂಲೆ ಬರ್ತಾ ಉಂಟು, ಚಪ್ಪಲಿ ರಿಪೇರಿಯವರಿಲ್ಲ, ಕಲ್ಲುಹಾಸು ಹೊಸತು, ಬಿಸಿಲು ಅದೇ. ಟಿಕ್ ಟಿಕ್. ಈಗ ಫೋನು, ಒಂದೊಂದೇ ಶಬ್ದ ತೊಳೆದು, ಹಿಂಡಿ, ಹರಡಿ — ಧನಶ್ರೀ ನಿಂತಿದ್ದ ಜಂಕ್ಷನ್‌ನಲ್ಲಿ, ಎಡಕ್ಕೆ ತಿರುಗಿ.

ಬ್ರೇಕು. ಎದೆಗೆ ಬೆಲ್ಟು ಕಚ್ಚಿತು. ಧನಶ್ರೀನಾ, ಯಾರ್ರೀ ಧನಶ್ರೀ, ಎಂದರು ಮೇಡಂ. ಕಾರು ಅರ್ಧ ರಸ್ತೆಯಲ್ಲಿ ನಿಂತಿದೆ, ಹಿಂದಿನ ಬಸ್ಸು ಹಾರನ್ ಒತ್ತಿ ಹಿಡಿದಿದೆ, ಒಂದು ಹೆಸರು ಸಾಕು ಯಶು, ಇವಳೇ ಎಂದು ಒಂದು ಸಲ ಗಲ್ಲ ಎತ್ತು, ಮನುಷ್ಯರು ದಾರಿ ತೋರಿಸುವಾಗ ಎತ್ತುವ ಹಾಗೆ, ಅಷ್ಟೇ, ಅಷ್ಟು ಮಾಡಿದರೆ, ಮಾಡಿದರೆ ಏನು ಎಂದು ನನಗೂ ಗೊತ್ತಿಲ್ಲ, ಸೇಡಿನ ಹೊಟ್ಟೆಯಲ್ಲಿ ಇದೊಂದು ಎಲ್ಲಿಂದ ಬಂತು ಈ ಹೊತ್ತಿಗೆ, ಅಷ್ಟರಲ್ಲಿ ಅವನು ನಕ್ಕ, ಬೆಂಗಳೂರಿನ ನಗು — ಧನಶ್ರೀ ಅಂತ ಯಾವ್ದೋ ಹಳೇ ಫ್ಯಾನ್ಸಿ ಸ್ಟೋರ್ ಇದ್ದಿರ್ಬೇಕು ಮೇಡಂ, ಮುಚ್ಚೋಗಿರುತ್ತೆ, ಡೇಟಾ ಅಪ್‌ಡೇಟ್ ಆಗಿಲ್ಲ ಅಷ್ಟೆ.

ಮುಚ್ಚೋಗಿರುತ್ತೆ. ನನ್ನ ಬಾಯಿ ತೆರೆ‌ಯಿತು, ನಾನು ತೆರೆದದ್ದಲ್ಲ, ಬೆಳಗ್ಗಿನಿಂದ ಮುಚ್ಚಿದ್ದದ್ದು, ಕೀಲಿಗೆ ಎಣ್ಣೆ ಹಾಕಿದ ಹಾಗೆ, ಗಂಟಲು ಎಳ್ಳಷ್ಟೂ ಕೆಟ್ಟಿಲ್ಲ, ಹಿಂದಿನ ಸೀಟಿನಿಂದ ವಾಸಂತಿ ಟೀಚರ್, ಫೋನಿನದ್ದೇ ಸ್ವರ, ಅದೇ ಉಸಿರು, ಅದೇ ನಿಲುಗಡೆ — ಧನಶ್ರೀ, ಅಂಗಡಿ ಅಲ್ಲ. ಧನಶ್ರೀ, ಮುಚ್ಚಿ ಹೋಗಿಲ್ಲ. ಎಡಕ್ಕೆ ತಿರುಗಿ. ಮೇಡಂ ಮೊದಲು ಫೋನನ್ನು ನೋಡಿದರು. ಆಮೇಲೆ ನಿಧಾನಕ್ಕೆ, ಸೀಟಿನ ಮೇಲಿಂದ, ನನ್ನನ್ನು, ನನ್ನ ಬಾಯಿಯನ್ನು. ನೀವಾ, ಎಂದರು, ಇದೆಲ್ಲಾ ನೀವಾ. ಬಸ್ಸಿನವನು ಕಿಟಕಿಯಿಂದ ಕೈ ಬೀಸಿ ಏನೋ ಬೈಯುತ್ತಿದ್ದಾನೆ, ಯಾರು ಬೇಕಾದರೂ ಬೈಯಲಿ, ನಾನು ಯಶವಂತನ ಮುಖ ನೋಡಬೇಕು, ಅದಕ್ಕಾಗಿಯೇ ಇಷ್ಟು, ಆದರೆ ಅವನು ಕನ್ನಡಿಯಿಂದ ಕಣ್ಣು ತೆಗೆದುಬಿಟ್ಟಿದ್ದಾನೆ, ಹಿಂದಿನಿಂದ ಕಾಣುವುದು ಕುತ್ತಿಗೆ, ಕಿವಿ, ಬೆವರು, ಅದರಾಚೆ ಮೀಟರು, ಅದರ ಮೇಲೆ ಆ ಹಸಿರು, ತಿರುಗು ಮಾರಾಯ, ತಿರುಗುವುದಿಲ್ಲ, ಕೈ ತೆಗೆ, ತೆಗೆಯುವುದಿಲ್ಲ, ಹತ್ತುತ್ತದೆ, ಆರುತ್ತದೆ, ಎಡಕ್ಕೆ, ನಾನು ನಿಂತಿದ್ದ ಮೂಲೆಗೆ, ಟಿಕ್, ಹತ್ತುತ್ತದೆ, ಆರುತ್ತದೆ, ಎಡಕ್ಕೆ, ಟಿಕ್, ಎಡಕ್ಕೆ, ಟಿಕ್